ಬಂದೆ ಅಕ್ಕಾ

ಫೋನಕ್ಕ ಯಾರನ್ನೂ ಬೈದವಳಲ್ಲ. ಅವಳ ಹೆಚ್ಚುಗಾರಿಕೆಯೇ ಅದು. ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಅವಳಿಗಿಂತ ಮುಂಚೆ ಫೋನಿನ ಮುಂದೆ ಕೂತಿದ್ದ ಹೆಂಗಸು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳಂತೆ, ಕ್ಲಿನಿಕ್ಕುಗಳಿಂದ ರಕ್ತ ತರುವ ಬೈಕಿನವರು ಫೋನನ್ನೇ ಎತ್ತುತ್ತಿರಲಿಲ್ಲವಂತೆ. ಇವಳು ಬಂದವಳೇ ದನಿಗೆ ಜೇನು ಸವರಿಕೊಂಡು "ಬಂದ್ರಾ ಅಣ್ಣಾ?" ಎಂದು ಕೇಳಿದಳು. ಅಷ್ಟೇ. ಅಣ್ಣಾ ಎಂದು ಕರೆಸಿಕೊಂಡ ಮೇಲೆ ಇಲ್ಲ ಎನ್ನುವ ಗಂಡಸು ಎಲ್ಲಿದ್ದಾನೆ? ಊರಾಚೆಯ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಇನ್ನೂ ಟೀ ಕುಡಿಯುತ್ತ ನಿಂತವನೂ "ಬಂದೆ ಅಕ್ಕಾ, ಬಂದೇಬಿಟ್ಟೆ" ಎನ್ನುತ್ತಿದ್ದ.

ಬಂದೆ ಅಂದರೆ ಬಂದಿದ್ದಾನೆ ಎಂದಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಹೊರಡದವನೂ ಬಂದೆ ಅನ್ನುತ್ತಾನೆ, ಅರ್ಧ ದಾರಿಯಲ್ಲಿರುವವನೂ ಬಂದೆ ಅನ್ನುತ್ತಾನೆ. ನಿಜವಾಗಿ ಬಂದವನು ಮಾತ್ರ ಏನೂ ಅನ್ನದೆ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾನೆ. ಆದರೆ ಆಡಿದ ಮಾತು ಸುಮ್ಮನೆ ಬಿಡುತ್ತದೆಯೇ? ಬಂದೆ ಅಂದುಬಿಟ್ಟವನಿಗೆ ಅದನ್ನು ಆದಷ್ಟು ನಿಜ ಮಾಡಬೇಕು ಅನ್ನಿಸುತ್ತದೆ. ಹಾಗಾಗಿ ಆ ಮಾತಿನ ಬೆನ್ನಿಗೇ ಫೋನಿನಲ್ಲಿ ಬೈಕಿನ ಸದ್ದು ಏರುತ್ತಿತ್ತು. ಗುರ್ ಎನ್ನುತ್ತಿದ್ದದ್ದು ಕುಯ್ಯೋ ಎನ್ನುತ್ತಿತ್ತು. ಫೋನಕ್ಕ ಆ ಏರು ಸದ್ದನ್ನು ಕೇಳಿಸಿಕೊಂಡೇ ಫೋನ್ ಕೆಳಗಿಡುತ್ತಿದ್ದಳು. ತನ್ನ ಕೆಲಸವಾಯಿತು ಎಂದು ಅವಳಿಗೆ ಸಮಾಧಾನ.

ಅವಸರ ಸುಳ್ಳೇನಲ್ಲ. ಬೈಕಿನವರು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆದು, ರಕ್ತದ ಸಣ್ಣ ಕೊಳವೆಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಮಧ್ಯಾಹ್ನ ಮೆಷಿನ್ ಹಚ್ಚುವ ಹೊತ್ತಿಗೆ ತಂದು ಕೊಡಬೇಕು. ತಡವಾದರೆ ರಕ್ತ ಕೆಡುತ್ತದೆ. ಕೆಟ್ಟರೆ ಯಾರೋ ಮುದುಕಿಯ ತೋಳಿಗೆ ಮತ್ತೆ ಸೂಜಿ. ಇದನ್ನು ಮೇಲ್ವಿಚಾರಕ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ. "ಅಲ್ಲೊಬ್ಬ ರೋಗಿ ಕಾಯ್ತಿದ್ದಾನಮ್ಮಾ, ಅರ್ಜೆಂಟು!" ಅವನಿಗೆ ಉಗುರು ಕತ್ತರಿಸಿಕೊಳ್ಳುವುದೂ ಅರ್ಜೆಂಟೇ. ಬೈಕಿನವರೆಲ್ಲ ಸೇರಿ ಅವನಿಗೆ ಅರ್ಜೆಂಟಪ್ಪ ಎಂದು ನಾಮಕರಣ ಮಾಡಿದ್ದರು.

ಇಷ್ಟಾದರೂ ಫೋನಕ್ಕನ ಬದುಕು ಒಂದು ದಾರಿಯಲ್ಲಿ ನಡೆದಿತ್ತು. ಅಷ್ಟರಲ್ಲಿ ಅವಳ ಗಂಡ ಕೆಲಸ ಮಾಡುತ್ತಿದ್ದ ಪ್ರೆಸ್ಸಿಗೆ ಬೀಗ ಬಿತ್ತು. ಮದುವೆ ಕಾರ್ಡು ಅಚ್ಚು ಮಾಡುತ್ತ ಅರ್ಧ ಆಯುಷ್ಯ ಕಳೆದ ಮನುಷ್ಯ ಒಂದಷ್ಟು ದಿನ ಮನೆಯ ಕಿಟಕಿ ಹತ್ತಿರ ಕೂತ, ಆಮೇಲೆ ತಾನೂ ಲ್ಯಾಬಿನ ಬೈಕ್ ಓಡಿಸುತ್ತೇನೆ ಎಂದ. ಅವಳು ಬೇಡ ಅನ್ನಲು ಬಾಯಿ ತೆರೆದಳು. ಯಾಕೆ ಬೇಡ ಎಂದು ಹೇಳಬೇಕಲ್ಲ? ಹೇಳಿದರೆ ತಾನು ದಿನಾ ಮಾಡುವ ಕೆಲಸ ಎಂಥದ್ದೆಂದು ತನ್ನ ಬಾಯಿಂದಲೇ ಹೇಳಿದಂತೆ. ಬಾಯಿ ಮುಚ್ಚಿಕೊಂಡಳು.

ಬೈಕಿನವರಿಗೋ ಹಬ್ಬ. ಅಕ್ಕನ ಗಂಡ ಏನಾಗಬೇಕು? ಭಾವ! ಮೊದಲ ದಿನವೇ ಅವನಿಗೆ ಆ ಹೆಸರು ಅಂಟಿತು. ಅವನಿಗಿಂತ ವಯಸ್ಸಾದವರೂ ಭಾವ ಎಂದೇ ಕರೆದರು.

"ಅಕ್ಕಾ, ಭಾವನಿಗೆ ಫೋನ್ ಮಾಡಿ ಏನಂತ ಕೇಳ್ತೀರಾ? ಬಂದ್ರಾ ಅಣ್ಣಾ ಅಂತಾನಾ?" ಎಂದು ಒಬ್ಬ ಕಿಚಾಯಿಸಿದ. ಹೊರಗಿನ ಬೆಂಚು ಅಲುಗಾಡುವಷ್ಟು ನಗು. ಫೋನಕ್ಕನೂ ನಕ್ಕಳು.

"ಥೂ, ಕಟ್ಕೊಂಡ ಗಂಡನ್ನ ಅಣ್ಣಾ ಅನ್ನೋಕಾಗುತ್ತೇನ್ರೋ? ಅವರಿಗೆ ನಾನು ಫೋನೇ ಮಾಡಲ್ಲ, ಹೋಗಿ."

ಹಾಸ್ಯವಾಗಿ ಹೋದ ಮಾತು ಹಾಸ್ಯವಾಗಿಯೇ ಉಳಿದಿದ್ದರೆ ಏನೂ ತೊಂದರೆಯಿರಲಿಲ್ಲ. ಅವಳು ನಿಜಕ್ಕೂ ಗಂಡನಿಗೆ ಫೋನ್ ಮಾಡಲಿಲ್ಲ. ಒಂದು ದಿನವೂ ಮಾಡಲಿಲ್ಲ. ಯಾರು ಯಾವ ಕಡೆ ಹೋಗಬೇಕು ಎಂದು ಹಂಚುವವಳೂ ಅವಳೇ. ಗಂಡನಿಗೆ ಪೇಟೆಯ ಒಳಗಿನ ಕ್ಲಿನಿಕ್ಕುಗಳನ್ನು ಕೊಟ್ಟಳು, ಸಂದಿಗೊಂದಿಯ ದಾರಿ, ಓಡಿಸಬೇಕೆಂದರೂ ಓಡಿಸಲಾಗದು. ಆಗ ಹೆದ್ದಾರಿಯ ಕ್ಲಿನಿಕ್ಕುಗಳು ಉಳಿದವು. ಲಾರಿಗಳು, ಮೇಲ್ಸೇತುವೆ, ಇಳಿಜಾರು, ಎಲ್ಲಕ್ಕಿಂತ ಉದ್ದದ ಸುತ್ತು. ಅದನ್ನು ಅವಳು ಮದುಮಗನ ತಲೆಗೆ ಕಟ್ಟಿದಳು.

ಮದುಮಗ ಎಂದರೆ ಬೈಕಿನವರಲ್ಲೇ ಒಬ್ಬ. ಗಾಡಿ ನಿಲ್ಲಿಸಿದ ಕೂಡಲೇ ಕನ್ನಡಿ ತಿರುಗಿಸಿ ತಲೆ ಬಾಚಿಕೊಳ್ಳುವ ಚಾಳಿಯಿಂದ ಆ ಹೆಸರು ಬಂದದ್ದು. ಮದುವೆಯಾಗಿ ಹಳತಾಗಿತ್ತು, ಹೆಂಡತಿ ಬಟ್ಟೆಯಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸದಲ್ಲಿದ್ದಳು. ಉಳಿದವರು ದೂರದ ಸುತ್ತು ಕೊಟ್ಟರೆ ಗೊಣಗುತ್ತಿದ್ದರು. ಇವನು ಗೊಣಗಲಿಲ್ಲ. "ನೀವ್ ಹೇಳಿದ್ರೆ ಆಯ್ತಕ್ಕಾ" ಎಂದ. ಇಲ್ಲ ಅನ್ನಲು ಬಾರದವನನ್ನೇ ಹುಡುಕಿ ಕೊಟ್ಟಿದ್ದಳು ಅವಳು, ಮನಸ್ಸಿನ ಮೂಲೆಯಲ್ಲಿ ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೀಗೆ ಲ್ಯಾಬಿನಲ್ಲಿ ಒಂದು ವಿಚಿತ್ರವಾಯಿತು. ಎಲ್ಲರೂ ಒಂದಲ್ಲ ಒಂದು ಸಲ ಬಿದ್ದರು. ಒಬ್ಬನ ಮೊಣಕೈ, ಒಬ್ಬನ ಹಲ್ಲು, ಒಬ್ಬನ ಬೈಕಿನ ಮೂತಿ. ಭಾವ ಮಾತ್ರ ಬೀಳಲಿಲ್ಲ. ಕೆಂಪು ದೀಪಕ್ಕೆ ನಿಲ್ಲುತ್ತಿದ್ದ, ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಟಕ್ಕೆಂದು ಹಾಕುತ್ತಿದ್ದ, ದಾಟುವ ಮುದುಕರಿಗೆ ಕೈ ಸನ್ನೆ ಮಾಡಿ ದಾರಿ ಬಿಡುತ್ತಿದ್ದ. ತಾನು ಹುಟ್ಟಿದ್ದೇ ಹೀಗೆ ಎಂದು ಅವನಿಗೆ ನಂಬಿಕೆ ಬಂದುಬಿಟ್ಟಿತು. ಸಂಜೆ ಬೆಂಚಿನ ಮೇಲೆ ಕೂತು ಉಪದೇಶ ಶುರು ಮಾಡಿದ.

ಬಿದ್ದವರ ಸಂಖ್ಯೆ ಹೆಚ್ಚಾದಾಗ ಲ್ಯಾಬಿನ ದೊಡ್ಡವರು ಒಬ್ಬ ತರಬೇತಿಯವನನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ, ಕಾರಿನಲ್ಲಿ ಬಂದ. ಎಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿ ಕೇಳಿದ, "ಹೇಳಿ, ನೀವು ಹುಷಾರಾಗಿ ಗಾಡಿ ಓಡಿಸೋ ಹಾಗೆ ಮಾಡೋದು ಯಾವುದು?"

"ಪೊಲೀಸು ಸಾರ್" ಅಂದ ಒಬ್ಬ.

"ಹೆಂಡ್ತಿ ಸಾರ್. ಪೊಲೀಸು ಬಿಟ್ರೂ ಅವಳು ಬಿಡಲ್ಲ" ಅಂದ ಇನ್ನೊಬ್ಬ.

"ಒಂದ್ಸಲ ಕಾಲು ಮುರೀಬೇಕು ಸಾರ್, ಆಮೇಲೆ ತಾನಾಗೇ ಬುದ್ಧಿ ಬರುತ್ತೆ."

ಭಾವ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಮನಸ್ಸು ಸಾರ್. ಮನಸ್ಸು ಕೈಲಿದ್ರೆ ಗಾಡಿ ಕೈಲಿರುತ್ತೆ. ನನಗೆ ಯಾರೂ ಹೇಳ್ಕೊಡಲಿಲ್ಲ."

ತರಬೇತಿಯವನು ಹಿಗ್ಗಿ ಚಪ್ಪಾಳೆ ತಟ್ಟಿದ. ಚಪ್ಪಾಳೆ ನಿಲ್ಲುತ್ತಿದ್ದ ಹಾಗೆ ಹಿಂದಿನ ಸಾಲಿನಿಂದ ಮದುಮಗ, "ಭಾವನ ಹತ್ರ ಮನಸ್ಸಿದೆ ಸಾರ್, ನಮ್ಮ ಹತ್ರ ಫೋನಿದೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತರಬೇತಿಯವನು ಅರ್ಥವಾಗದೆಯೇ ನಕ್ಕ. ಬಾಗಿಲ ಬಳಿ ನಿಂತಿದ್ದ ಫೋನಕ್ಕನ ಮುಖ ಮಾತ್ರ ಕಪ್ಪಿಟ್ಟಿತು. ಅವನು ಕುಟುಕಲು ಹೇಳಿರಲಿಲ್ಲ, ಅವಳ ಕಡೆ ನೋಡಿ ಸ್ನೇಹದಿಂದಲೇ ಹಲ್ಲು ಕಿರಿದಿದ್ದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಕೊನೆಯಲ್ಲಿ ಭಾವನಿಗೆ 'ಸುರಕ್ಷಿತ ಸವಾರ' ಎಂಬ ಫಲಕವನ್ನೂ ಒಂದು ಹೊಸ ಕೆಂಪು ಹೆಲ್ಮೆಟ್ಟನ್ನೂ ಕೊಟ್ಟರು. ಫಲಕ ಮನೆಯ ಟೀವಿಯ ಮೇಲೆ ಕೂತಿತು. ಅದರ ಧೂಳನ್ನು ಒರೆಸುವವಳು ಅವಳೇ.

ಅದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಮೆಷಿನ್ ಹಚ್ಚುವ ಹೊತ್ತಾಗಿತ್ತು. ಎಲ್ಲರೂ ಬಂದಿದ್ದರು, ಮದುಮಗನೊಬ್ಬ ಬಂದಿರಲಿಲ್ಲ. ಅರ್ಜೆಂಟಪ್ಪ ಅವಳ ಕುರ್ಚಿಯ ಹಿಂದೆ ನಿಂತು ಉಸಿರುಬಿಡುತ್ತಿದ್ದ.

"ಬಂದ್ರಾ ಅಣ್ಣಾ?"

"ಬಂದೆ ಅಕ್ಕಾ. ಸೇತುವೆ ಹತ್ತಿದೀನಿ."

ಅವನ ದನಿ ಬಿಗಿಯಾಗಿ ಕೇಳುತ್ತಿತ್ತು. ಕೈ ಖಾಲಿ ಇರಲೆಂದು ಅವರೆಲ್ಲ ಫೋನನ್ನು ಹೆಲ್ಮೆಟ್ಟಿನೊಳಗೆ ಕೆನ್ನೆಗೆ ಒತ್ತಿ ತುರುಕಿಕೊಳ್ಳುತ್ತಿದ್ದರು. ಫೋನ್ ತುರುಕಿದರೆ ಪಟ್ಟಿ ಗಲ್ಲಕ್ಕೆ ಎಟುಕುವುದಿಲ್ಲ, ಹಾಗಾಗಿ ಬಿಚ್ಚಿ ಬಿಡುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು.

"ಇನ್ನೂ ಅಲ್ಲೇ ಇದೀರಾ? ಮೆಷಿನ್ ಕಾಯ್ತಿದೆ ಅಣ್ಣಾ."

"ಬಂದೆ ಅಕ್ಕಾ, ಬಂದೇಬಿಟ್ಟೆ."

ಸದ್ದು ಏರಿತು. ಅವಳು ಎಂದಿನಂತೆ ಫೋನ್ ಕೆಳಗಿಡಲು ಹೋದಳು. ಅಷ್ಟರಲ್ಲಿ ಒಂದು ಕರ್ಕಶ ಸದ್ದು, ಏನೋ ಉಜ್ಜಿಕೊಂಡು ಹೋದ ಹಾಗೆ. ಆಮೇಲೆ ಯಾವುದೋ ಲಾರಿಯ ಹಾರನ್ನು ಒಂದೇ ಸಮನೆ. ಫೋನ್ ಕಟ್ ಆಗಿರಲಿಲ್ಲ. ಅವಳು ಅಣ್ಣಾ, ಅಣ್ಣಾ ಎಂದು ಕೂಗಿದಳು. ಬಹಳ ಹೊತ್ತಿನ ಮೇಲೆ ಯಾರೋ ಅಪರಿಚಿತ ಗಂಡಸು ಫೋನ್ ಎತ್ತಿಕೊಂಡ.

"ಯಾರಮ್ಮಾ ಮಾತಾಡ್ತಿರೋದು? ಈ ಬೈಕಿನವನಿಗೆ ನೀವೇನಾಗ್ಬೇಕು?"

"ಅಕ್ಕ" ಅಂದಳು.

ಮದುಮಗ ಸಾಯಲಿಲ್ಲ. ಸತ್ತಿದ್ದರೆ ಅಳಬಹುದಿತ್ತು ಎಂದು ಫೋನಕ್ಕನಿಗೆ ಒಮ್ಮೆ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆಲ್ಮೆಟ್ಟು ಮೊದಲ ಪೆಟ್ಟಿಗೇ ಹಾರಿಹೋಗಿತ್ತು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಬಾಚಿಕೊಳ್ಳಲು ಒಂದು ಕೂದಲೂ ಇಲ್ಲದ ಬೋಳುತಲೆಗೆ ಬಟ್ಟೆ ಸುತ್ತಿಕೊಂಡು ಅವನು ಮಲಗಿದ್ದ. ಕಣ್ಣು ತೆರೆದೇ ಇತ್ತು, ಆದರೆ ಯಾರ ಗುರುತೂ ಇರಲಿಲ್ಲ. ಅವನ ಹೆಂಡತಿ ಬಟ್ಟೆಯಂಗಡಿಯ ಸಮವಸ್ತ್ರದಲ್ಲೇ ಪಕ್ಕದಲ್ಲಿ ಕೂತಿದ್ದಳು.

ಫೋನಕ್ಕ ಮತ್ತು ಭಾವ ಮಂಚದ ಕಾಲ ಬಳಿ ನಿಂತರು. ಪಕ್ಕದ ಮಂಚದ ಯಾರದೋ ಫೋನು ಬಡಿದುಕೊಂಡಿತು. ತಕ್ಷಣ ಮದುಮಗನ ತುಟಿ ಅಲ್ಲಾಡಿತು.

"ಬಂದೆ ಅಕ್ಕಾ."

ಫೋನಕ್ಕ ಮಂಚದ ಕಂಬಿ ಹಿಡಿದುಕೊಂಡಳು.

"ಯಾರ ಫೋನ್ ಬಂದ್ರೂ ಹೀಗೇ ಅಂತಾರೆ" ಎಂದಳು ಅವನ ಹೆಂಡತಿ. "ನನ್ನ ಗುರ್ತಿಲ್ಲ, ಅವರಮ್ಮನ ಗುರ್ತಿಲ್ಲ. ಈ ಮಾತೊಂದೇ. ಇವರಿಗೆ ಒಡಹುಟ್ಟಿದ ಅಕ್ಕ ಯಾರೂ ಇಲ್ಲ, ಯಾರಿದು ಅಕ್ಕ ಅಂತ ಮೊದ್ಲು ಹೊಳೀಲಿಲ್ಲ. ನೀವೇ ಅಲ್ವಾ?" ಎಂದು ಫೋನಕ್ಕನ ಕೈ ಹಿಡಿದುಕೊಂಡಳು. "ಮನೇಲೂ ನಿಮ್ಮ ಮಾತೇ ಆಡೋರು. ನಿಮ್ಮನ್ನ ಕಂಡ್ರೆ ಎಷ್ಟು ಪ್ರೀತಿ ನೋಡಿ ಇವರಿಗೆ."

ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿರುತ್ತಿತ್ತು. ಫೋನಕ್ಕ ಏನು ಹೇಳಿಯಾಳು? ಮಾತಾಡಿದವನು ಭಾವ. ಅವನು ಕೈ ಕಟ್ಟಿಕೊಂಡು, ತಲೆ ಒಂದಿಷ್ಟು ಓರೆ ಮಾಡಿ, ಬೆಂಚಿನ ಮೇಲೆ ಉಪದೇಶ ಮಾಡುವ ಅದೇ ದನಿಯಲ್ಲಿ ಹೇಳಿದ, "ನಾನು ಎಷ್ಟು ಬಡ್ಕೊಂಡೆ ಗೊತ್ತೇನಮ್ಮಾ ಇವನಿಗೆ? ಪಟ್ಟಿ ಹಾಕ್ಕೋ, ನಿಧಾನ ಹೋಗು, ಫೋನ್ ಎತ್ತಬೇಡ ಅಂತ. ಮನಸ್ಸು ಕೈಲಿರಬೇಕು. ಕೇಳ್ಬೇಕಲ್ಲ?"

ಆ ಹೆಂಗಸು ತಲೆ ತಗ್ಗಿಸಿ ಹೌದೆಂದಳು. ತಪ್ಪು ತನ್ನ ಗಂಡನದೇ ಎಂದು ಒಪ್ಪಿಕೊಂಡಂತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟೂ ತಾಳ್ಮೆ ಇರಲಿಲ್ಲ ಫೋನಕ್ಕನಿಗೆ. "ನಿಮಗೆ ಸ್ವಲ್ಪನಾದ್ರೂ ನಾಚಿಕೆ ಇದೆಯೇನ್ರೀ?"

"ಯಾಕೆ? ನಾನೇನಂದೆ?"

"ಮನಸ್ಸಂತೆ ಮನಸ್ಸು! ನಿಮಗೆ ಫೋನ್ ಬರಲ್ಲ, ಅದಕ್ಕೆ ನಿಧಾನ ಹೋಗ್ತೀರಾ. ನಾನು ಮಾಡಲ್ಲ, ಅದಕ್ಕೆ ಬರಲ್ಲ. ನಿಮ್ಮ ಪಾಲಿನ ಅವಸರಾನೆಲ್ಲ ಅವನ ಮೇಲೆ ಹಾಕಿದೋಳು ನಾನು. ಪೇಟೆ ದಾರಿ ನಿಮಗೆ, ಸೇತುವೆ ಅವನಿಗೆ. ಆ ಫಲಕ ಇದೆಯಲ್ಲ, ಅದು ನಿಮ್ಮದಲ್ಲ, ನಂದು!"

ಭಾವ ಟೀವಿಯ ಮೇಲಿನ ಫಲಕವನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅವಮಾನವಾಯಿತು. ಪ್ರೆಸ್ಸು ಮುಚ್ಚಿದ ಮೇಲೆ ಅವನ ಪಾಲಿಗೆ ಉಳಿದಿದ್ದ ಹೆಮ್ಮೆ ಅದೊಂದೇ, ಅದನ್ನೂ ಇವಳು ಕಿತ್ತುಕೊಳ್ಳುತ್ತಿದ್ದಾಳೆ.

"ಹೋಗೇ. ನಾಳೆ ಮಾಡು ಫೋನು. ಎಷ್ಟು ಸಲ ಬೇಕಾದ್ರೂ ಮಾಡು. ನಾನು ನನ್ನ ವೇಗದಲ್ಲೇ ಬರ್ತೀನಿ. ನೋಡೇಬಿಡೋಣ."

"ಮಾಡ್ತೀನಿ" ಎಂದಳು ಅವಳೂ, ಹಠಕ್ಕೆ ಬಿದ್ದು.

ಮರುದಿನ ಮಧ್ಯಾಹ್ನ ಮೊದಲ ಬಾರಿಗೆ ಗಂಡನ ನಂಬರು ಒತ್ತಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ದನಿಗೆ ಜೇನು ತಾನಾಗಿಯೇ ಬಂತು. "ಬಂದ್ರಾ?"

"ಬರ್ತಾ ಇದೀನಿ" ಎಂದ ಭಾವ, ರಾಜಗಾಂಭೀರ್ಯದಲ್ಲಿ. ಬೈಕಿನ ಸದ್ದು ಗುರ್ ಎನ್ನುತ್ತಲೇ ಇತ್ತು. ಸ್ವಲ್ಪ ಬಿಟ್ಟು ಮತ್ತೆ ಮಾಡಿದಳು. "ಬರ್ತಿದೀನಲ್ಲ" ಎಂದ. ಗೆದ್ದುಬಿಡುತ್ತಾನೇನೋ ಅನ್ನಿಸಿತು. ಗೆಲ್ಲಲಿ ದೇವರೇ ಎಂದು ಅವಳ ಒಂದು ಮನಸ್ಸು ಬೇಡಿಕೊಂಡಿತು. ಗೆದ್ದರೆ ತಾನು ಅಂದದ್ದೇ ತಪ್ಪು ಎಂದಾಗುತ್ತದೆ, ಮದುಮಗ ಬಿದ್ದದ್ದು ಅವನ ಕರ್ಮ ಎಂದಾಗುತ್ತದೆ. ಅಷ್ಟು ಸಿಕ್ಕಿದರೆ ಸಾಕಾಗಿತ್ತು ಅವಳಿಗೆ.

ಮೂರನೆಯ ಸಲ ಕೇಳಿದಳು. "ಎಲ್ಲರೂ ಬಂದ್ರು ರೀ. ನೀವೊಬ್ಬರೇ."

ಫೋನಿನಲ್ಲಿ ಏನೋ ಉಜ್ಜಿದ ಸದ್ದು. ಆಮೇಲೆ, ದನಿ ಬಿಗಿಯಾಗಿ, "ಬಂದೆ. ಬಂದೇಬಿಟ್ಟೆ."

ಕುಯ್ಯೋ ಎಂದು ಸದ್ದು ಏರಿತು.

ಫೋನಕ್ಕ ಫೋನ್ ಹಿಡಿದುಕೊಂಡೇ ಎದ್ದು ನಿಂತಳು, ಬಾಗಿಲಿಗೆ ಓಡಿದಳು, ಒಳಗೆ ಬಂದಳು, ಮತ್ತೆ ಹೊರಗೆ ಹೋದಳು. ಕೊನೆಗೆ ಕೆಂಪು ಹೆಲ್ಮೆಟ್ಟು ತಿರುವಿನಲ್ಲಿ ಕಂಡಿತು. ರಭಸದಿಂದ ಆವರಣದೊಳಗೆ ನುಗ್ಗಿದ ಭಾವ, ಬೆಂಚಿಗೆ ಗುದ್ದುವಷ್ಟು ಹತ್ತಿರ ಬೈಕ್ ನಿಲ್ಲಿಸಿದ. ಬಹುಮಾನದ ಹೆಲ್ಮೆಟ್ಟಿನ ಪಟ್ಟಿ ಎರಡೂ ಕಡೆ ಜೋತಾಡುತ್ತಿತ್ತು. ಕೆನ್ನೆಯ ಮೇಲೆ ಫೋನಿನ ಅಂಚು ಒತ್ತಿದ ಗೆರೆ.

"ನೋಡ್ದ್ಯಾ?" ಎಂದ, ಏದುಸಿರು ಬಿಡುತ್ತ. "ನನ್ನ ವೇಗದಲ್ಲೇ ಬಂದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಹಾಗೆಯೇ ನಂಬಿದ್ದ. ಅವಳು ಕೈ ಚಾಚಿ ಆ ಪಟ್ಟಿಯನ್ನು ಹಿಡಿದು ಅವನಿಗೆ ತೋರಿಸಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಅರ್ಜೆಂಟಪ್ಪ.

"ಭೇಷ್! ಇಷ್ಟು ಬೇಗ ಬರೋಕೆ ಬರುತ್ತೆ ಅಂತ ಹೇಳಲೇ ಇಲ್ಲವಲ್ಲ ಮಾರಾಯಾ? ಸುರಕ್ಷಿತನೂ ಹೌದು, ಚುರುಕೂ ಹೌದು. ಹೆದ್ದಾರಿ ಕಡೆಗೆ ಜನ ಇಲ್ಲದೆ ತಲೆ ಕೆಟ್ಟಿತ್ತು. ನಾಳೆಯಿಂದ ನೀವೇ ಹೋಗಿ."

"ಬೇಡ ಸಾರ್" ಎಂದಳು ಫೋನಕ್ಕ. ದನಿ ಚೀರಿದಂತೆ ಬಂತು. "ಅವರು ಬೇಡ. ಬೇರೆ ಯಾರನ್ನಾದ್ರೂ ಕಳ್ಸಿ."

"ಆಗಲಿ. ಹಂಚೋರು ನೀವೇ ತಾನೆ? ಯಾರನ್ನ ಅಂತ ಹೇಳಿ, ಕಳಿಸೋಣ."

ಬೆಂಚಿನ ಮೇಲೆ ಬೈಕಿನವರು ಸಾಲಾಗಿ ಕೂತಿದ್ದರು. ಹಲ್ಲು ಮುರಿದವನು, ಮೊಣಕೈ ಮುರಿದವನು, ಇನ್ನೂ ಏನೂ ಮುರಿಯದವರು. ಯಾರೂ ನಗುತ್ತಿರಲಿಲ್ಲ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬೊಬ್ಬರನ್ನೂ ಅಣ್ಣಾ ಎಂದು ಕರೆದವಳು. ಅವಳ ಬಾಯಿಂದ ಯಾರ ಹೆಸರೂ ಹೊರಡಲಿಲ್ಲ.

"ನಾನೇ ಹೋಗ್ತೀನಿ ಬಿಡಿ ಸಾರ್" ಎಂದ ಭಾವ. ಅವಳ ಕಿವಿಯ ಹತ್ತಿರ ಬಗ್ಗಿ, ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದ ಹಾಗೆ ಮೆತ್ತಗೆ ಹೇಳಿದ, "ನೀನು ಮಧ್ಯೆ ಮಧ್ಯೆ ಫೋನ್ ಮಾಡ್ತಾ ಇರು. ಏನೋ ಒಂಥರಾ ಹುಮ್ಮಸ್ಸು ಬರುತ್ತೆ."

ಮರುದಿನ ಅವಳು ಫೋನ್ ಮುಟ್ಟಲಿಲ್ಲ. ಬೆಳಿಗ್ಗೆ ಅವನ ಪಟ್ಟಿಯನ್ನು ತಾನೇ ಟಕ್ಕೆಂದು ಹಾಕಿ ಕಳಿಸಿದ್ದಳು. ಮೆಷಿನ್ ಹಚ್ಚುವ ಹೊತ್ತಾಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೇ ಇದ್ದಳು.

"ಮಾಡೀಮ್ಮಾ" ಎಂದ ಅರ್ಜೆಂಟಪ್ಪ.

"ನಾನು ಮಾಡಲ್ಲ ಸಾರ್."

"ಅಲ್ಲೊಬ್ಬ ರೋಗಿ ಕಾಯ್ತಿದ್ದಾನೆ."

"ಮಾಡಲ್ಲ. ಕೆಲಸದಿಂದ ತೆಗೀರಿ ಬೇಕಾದ್ರೆ."

ಅರ್ಜೆಂಟಪ್ಪನಿಗೆ ಕೋಪ ಬರಲಿಲ್ಲ. ಅವನಿಗೆ ಕೋಪಕ್ಕೂ ಪುರುಸೊತ್ತಿರಲಿಲ್ಲ. ತಾನೇ ಬಗ್ಗಿ ನಂಬರು ಒತ್ತಿ, ಕೋಣೆಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿದ. ಗಾಳಿಯ ಸದ್ದು, ಲಾರಿಯ ಸದ್ದು. ಭಾವನ ದನಿ ಬಿಗಿಯಾಗಿ ಕೇಳಿಸಿತು. ಫೋನ್ ಆಗಲೇ ಕೆನ್ನೆಗೆ ಹೋಗಿತ್ತು.

"ಹಲೋ, ಹಲೋ! ಸೇತುವೆ ಹತ್ತಿದೀನಿ."

ಫೋನಕ್ಕ ಅರ್ಜೆಂಟಪ್ಪನನ್ನು ತಳ್ಳಿ ಫೋನಿನ ಮೇಲೆ ಬಗ್ಗಿದಳು. "ರೀ, ಅವಸರ ಇಲ್ಲ! ನಿಧಾನ ಬನ್ನಿ. ಕೇಳಿಸ್ತಾ? ಮೆಷಿನ್ ಹೊತ್ತು ತಪ್ಪಿದ್ರೆ ತಪ್ಲಿ, ಪಕ್ಕಕ್ಕೆ ನಿಲ್ಸಿ, ಪಟ್ಟಿ ಹಾಕ್ಕೊಳ್ಳಿ!"

"ಏನು? ಗಾಳೀಲಿ ಕೇಳಿಸ್ತಿಲ್ಲ ಕಣೇ!" ಎಂದು ಅವನು ಕೂಗಿದ. ಹೆಂಡತಿಯ ದನಿ ಎಂದಷ್ಟೇ ಅವನಿಗೆ ತಿಳಿದದ್ದು. ಈ ಹೊತ್ತಿನಲ್ಲಿ ಆ ದನಿ ಏನು ಕೇಳುತ್ತದೆ ಎಂಬುದು ಆ ಲ್ಯಾಬಿನಲ್ಲಿ ಯಾರಿಗೆ ಗೊತ್ತಿಲ್ಲ?

"ಬಂದೆ, ಬಂದೆ" ಎಂದ ಭಾವ.

ಬೆಂಚಿನ ಮೇಲಿದ್ದವರೆಲ್ಲ ಎದ್ದು ಒಳಗೆ ಬಂದಿದ್ದರು. ಫೋನಿನಲ್ಲಿ ಸದ್ದು ಏರತೊಡಗಿತು.